ರೆಕ್ಕೆಯ ಕುದುರೆಗೆ ಹೆರಳು ಹಾಕುವ ವಿಜ್ಞಾನ

ಐನಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಅಣ್ಣನ ಮಗಳು ಆರಿಸಿಕೊಂಡ ರೆಕ್ಕೆಯ ಕುದುರೆ ಈಗ ನನ್ನ ಮೇಜಿನ ಮೇಲಿದೆ. ಅದರ ನೇರಳೆ ಬಣ್ಣದ ಅಯಾಲು ಗಂಟುಗಂಟಾಗಿ ನಾರಿನ ಉಂಡೆಯಂತಾಗಿದೆ. ಒಂದು ಕಣ್ಣಿನ ಕಪ್ಪು ಬಣ್ಣ ರೆಪ್ಪೆ ದಾಟಿ ಕೆನ್ನೆಗೆ ಬಂದಿದೆ. “ಕಾಕಾ, ಇದಕ್ಕ ಹೆರಳ ಹಾಕಿಕೊಡ್ರಿ, ಕಣ್ಣೂ ಸರಿ ಮಾಡ್ರಿ” ಎಂದು ಇಟ್ಟುಹೋಗಿದ್ದಾಳೆ. ಒಂದೇ ಗೊಂಬೆಯ ಎರಡು ಕೆಲಸ. ಆದರೆ ಕೂದಲಿನಲ್ಲಿ ಆದ ತಪ್ಪನ್ನು ಬಿಸಿನೀರು ಎಷ್ಟೋ ಸಲ ತಿದ್ದಿಕೊಡುತ್ತದೆ. ಬಣ್ಣ ತೆಗೆಯುವಾಗ ಆದ ತಪ್ಪು ಗೊಂಬೆಯ ಮೈಯಲ್ಲೇ ಉಳಿದುಬಿಡುತ್ತದೆ.

ಮೊದಲು ತಲೆ ಹೇಗಾಯಿತೆಂದು ನೋಡೋಣ. ಹಿಸುಕಿದರೆ ಒಳಗೆ ಹೋಗುವ ಈ ಮೆತ್ತನೆಯ ತಲೆ ಪಿವಿಸಿಯದು. ನಮ್ಮ ಹೊಲದ ನೀರಿನ ಪೈಪೂ ಪಿವಿಸಿಯೇ, ಆದರೆ ಅದು ಗಟ್ಟಿ. ಎಣ್ಣೆಯಂಥ ಮೆದುಕಾರಕ ದ್ರವ ಬೆರೆಸಿದಾಗ ಅದೇ ಪ್ಲಾಸ್ಟಿಕ್ ಚರ್ಮದಂತೆ ಬಾಗುತ್ತದೆ. ದ್ರವರೂಪದ ಪಿವಿಸಿಯನ್ನು ಅಚ್ಚಿಗೆ ಸುರಿದು, ಬಿಸಿ ಒಲೆಯೊಳಗೆ ಅಚ್ಚನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತಾರೆ. ಅದು ಅಚ್ಚಿನ ಒಳಮೈಗೆ ಅಂಟಿ ಗಟ್ಟಿಯಾಗುತ್ತದೆ, ನಡುವೆ ಟೊಳ್ಳು ಉಳಿಯುತ್ತದೆ. ಆಮೇಲೆ ಹೊಲಿಗೆ ಯಂತ್ರದ ಬಂಧುವಿನಂಥ ಒಂದು ಯಂತ್ರ ಆ ಮೆತ್ತನೆಯ ತಲೆಗೆ ಕೂದಲಿನ ಎಳೆಗಳನ್ನು ಸಾಲುಸಾಲಾಗಿ ಹೊಲಿಯುತ್ತದೆ. ಬೈತಲೆಯ ಬಳಿ ಹೊಲಿಗೆ ದಟ್ಟ, ಉಳಿದ ಕಡೆ ವಿರಳ. ಹೆರಳನ್ನು ಬಹಳ ಬಿಗಿದು ಎಳೆದರೆ ಸಾಲುಗಳ ನಡುವಿನ ಬೋಳು ಕಾಣುವುದು ಅದಕ್ಕೇ.

ಕೂದಲಿನ ಎಳೆ ಯಾವುದೆಂಬುದು ಮುಖ್ಯ. ಹಾಸ್ಬ್ರೊ ಕಂಪನಿ 1983ರಲ್ಲಿ ‘ಮೈ ಲಿಟಲ್ ಪೋನಿ’ ಎಂಬ ಬಣ್ಣದ ಕುದುರೆಮರಿಗಳನ್ನು ತಂದಾಗ ಅವುಗಳ ಅಯಾಲಿಗೆ ಹೆಚ್ಚಾಗಿ ನೈಲಾನ್ ಬಳಸುತ್ತಿದ್ದರು. ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೆಸ್ ಕರೋದರ್ಸ್ ಅವರ ತಂಡ 1935ರಲ್ಲಿ ಹುಟ್ಟಿಸಿದ ನೂಲು ಇದು. ಅಗ್ಗದ ಗೊಂಬೆಗಳಲ್ಲಿ ಸಿಗುವುದು ಪಾಲಿಪ್ರೊಪಿಲೀನ್, ಅಂದರೆ ಗೊಬ್ಬರದ ಚೀಲ ನೇಯುವ ಪ್ಲಾಸ್ಟಿಕ್.

ನೈಲಾನಿಗೂ ನಮ್ಮ ತಲೆಗೂದಲಿಗೂ ಒಂದು ಒಳನಂಟಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನು. ಪ್ರೋಟೀನಿನ ಸರಪಳಿಯಲ್ಲಿರುವ ಅಮೈಡ್ ಎಂಬ ಕೊಂಡಿಯೇ ನೈಲಾನಿನಲ್ಲೂ ಇದೆ. ಈ ಕೊಂಡಿಗಳು ಪಕ್ಕದ ಸರಪಳಿಯನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತವೆ. ನೀರು ಒಳಗೆ ನುಗ್ಗಿದರೆ ಆ ಹಿಡಿತ ಸಡಿಲ, ಒಣಗಿದರೆ ಮತ್ತೆ ಬಿಗಿ. ರಾತ್ರಿ ಒದ್ದೆ ತಲೆಗೆ ಹೆರಳು ಹಾಕಿ ಮಲಗಿದ ಹುಡುಗಿಗೆ ಬೆಳಿಗ್ಗೆ ಅಲೆಯಲೆಯ ಕೂದಲು ಬರುವುದು ಇದರಿಂದಲೇ. ಒಣ ನೈಲಾನಿನ ಸರಪಳಿಗಳು ಅಲುಗಾಡಲು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಹೀರಿದ ನೈಲಾನಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಬಿಸಿನೀರಿನಲ್ಲಿ ಶಾಖವೂ ನೀರೂ ಒಟ್ಟಿಗೇ ಸಿಗುತ್ತವೆ. ಎಳೆಯನ್ನು ಪೆನ್ಸಿಲಿಗೆ ಸುತ್ತಿ ಬಿಸಿನೀರು ಹೊಯ್ದು, ಪೂರ್ತಿ ಒಣಗುವ ತನಕ ಬಿಚ್ಚದಿದ್ದರೆ ಗುಂಗುರು ನಿಲ್ಲುತ್ತದೆ. ಅವಸರಪಟ್ಟು ಹಸಿಯಿದ್ದಾಗಲೇ ಬಿಚ್ಚಿದರೆ ನಿಲ್ಲದು.

ಪಾಲಿಪ್ರೊಪಿಲೀನ್ ಈ ಮಾತು ಕೇಳುವುದಿಲ್ಲ. ಅದು ನೀರು ಹೀರುವುದಿಲ್ಲ. ಅದರ ಸರಪಳಿಗಳು ನಮ್ಮ ಮನೆಯ ಸಾಮಾನ್ಯ ಬಿಸುಪಿನಲ್ಲೇ ಅಲುಗಾಡುತ್ತಿರುವುದರಿಂದ ಕೊಟ್ಟ ಆಕಾರವನ್ನು ಬಿಗಿಹಿಡಿಯುವ ಶಕ್ತಿಯೂ ಕಡಿಮೆ. ಹಾಗೆಂದು ಕೂದಲು ನೇರ ಮಾಡುವ ಇಸ್ತ್ರಿ ಹಿಡಿಯಬೇಡಿ. ಆ ಉಪಕರಣ 180ರಿಂದ 230 ಡಿಗ್ರಿವರೆಗೆ ಕಾಯುತ್ತದೆ, ಈ ಎಳೆ 165ರ ಹೊತ್ತಿಗೇ ಕರಗುತ್ತದೆ.

ಗಂಟು ಬಿಡಿಸುವ ಮೊದಲು ತೊಳೆಯಬೇಕು. ನಮ್ಮ ಕೃಷ್ಣಾ ದಂಡೆಯ ಕಪ್ಪು ಮಣ್ಣಿನ ಊರುಗಳಲ್ಲಿ ಬೋರಿನ ನೀರು ಬಹಳ ಕಡೆ ಸವಳು. ಅದರ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಎಳೆಗೆ ಕೂರುತ್ತದೆ; ತೊಳೆದ ಮೇಲೆ ಕೂದಲು ಇನ್ನಷ್ಟು ಒರಟು. ಶಾಂಪೂವಿನ ಮಾರ್ಜಕ ಹಾಗೆ ಜಿಡ್ಡುಗಟ್ಟುವುದಿಲ್ಲ. ಕೊನೆಯ ನೀರು ಫಿಲ್ಟರಿನದಾದರೆ ಇನ್ನೂ ಚಲೋ. ಬಾಚುವಾಗ ತುದಿಯಿಂದ ಹಿಡಿದು ಸ್ವಲ್ಪಸ್ವಲ್ಪವೇ ಬುಡದ ಕಡೆಗೆ ಬನ್ನಿ, ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಾಚುವ ಹಾಗೆ. ಹೊಲಿಗೆಯ ತೂತುಗಳಿಂದ ಟೊಳ್ಳು ತಲೆಯೊಳಗೆ ನೀರು ಇಳಿಯುತ್ತದೆ. ಅದನ್ನು ಬಸಿಯದಿದ್ದರೆ ಬೂಷ್ಟು ಹಿಡಿಯುತ್ತದೆ. ಹಳೆಯ ಪೋನಿಗಳ ಬಾಲವನ್ನು ಒಳಗಿನಿಂದ ಲೋಹದ ವಾಷರ್ ಹಾಕಿ ಕೂರಿಸುತ್ತಿದ್ದರು. ಅದು ತುಕ್ಕು ಹಿಡಿದು ಬಾಲದ ಬುಡವೆಲ್ಲ ಕಂದಾಗುವುದು ಸಂಗ್ರಾಹಕರಿಗೆ ಚೆನ್ನಾಗಿ ಗೊತ್ತಿರುವ ರೋಗ.

ಇನ್ನು ಕಣ್ಣು. ಇದನ್ನು ಯಾರೂ ಕುಂಚ ಹಿಡಿದು ಬರೆದಿಲ್ಲ. ಲೋಹದ ತಗಡಿನಲ್ಲಿ ಕಣ್ಣಿನ ಆಕಾರವನ್ನು ಕೂದಲೆಳೆಯಷ್ಟು ಆಳಕ್ಕೆ ಕೊರೆದು ಶಾಯಿ ತುಂಬುತ್ತಾರೆ. ಮೆತ್ತನೆಯ ಸಿಲಿಕೋನ್ ಗುಂಡು ಅದರ ಮೇಲೆ ಒತ್ತಿ ಶಾಯಿ ಎತ್ತಿಕೊಂಡು ಗೊಂಬೆಯ ಮುಖಕ್ಕೆ ಮುದ್ರೆ ಹಾಕುತ್ತದೆ. ಗುಂಡು ಬಾಗುವುದರಿಂದ ಉಬ್ಬುತಗ್ಗಿನ ಕೆನ್ನೆಯ ಮೇಲೂ ಚಿತ್ರ ಕೂರುತ್ತದೆ. ಬಿಳಿ, ನೀಲಿ, ಕಪ್ಪು ಎಂದು ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ತಲೆ ತುಸು ಜರುಗಿದರೂ ಕಪ್ಪು ಪಾಪೆ ಬಿಳಿಯ ಹೊರಗೆ ಬೀಳುತ್ತದೆ. ನನ್ನ ಮುಂದಿರುವ ಕುದುರೆಗೆ ಆಗಿರುವುದು ಇದೇ.

ತಪ್ಪಿದ ಬಣ್ಣ ತೆಗೆಯಲು ಎಲ್ಲರ ಕೈ ಹೋಗುವುದು ಉಗುರುಬಣ್ಣ ಅಳಿಸುವ ದ್ರವಕ್ಕೆ. ಅದರಲ್ಲಿರುವ ಅಸಿಟೋನು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಗೊಂಬೆಯ ಗಟ್ಟಿ ಭಾಗಗಳು ಹೆಚ್ಚಾಗಿ ಅಂಥದ್ದರಿಂದಲೇ ಆಗಿರುತ್ತವೆ. ಮೆತ್ತನೆಯ ಪಿವಿಸಿ ಕ್ಷಣಕಾಲ ತಡೆದುಕೊಂಡರೂ ಹೆಚ್ಚು ಹೊತ್ತು ತಾಗಿದರೆ ಉಬ್ಬಿ ಹೊಳಪು ಕಳೆದುಕೊಳ್ಳುತ್ತದೆ. ನಾನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುರುಮಾಡುತ್ತೇನೆ, ಅದೂ ಕಾಲಿನ ಅಡಿಯಂಥ ಕಾಣದ ಜಾಗದಲ್ಲಿ ಪರೀಕ್ಷಿಸಿ, ಕಿವಿಕಡ್ಡಿಯ ತುದಿಯಷ್ಟೇ. ಹೊಸ ಬಣ್ಣ ಹಚ್ಚಲು ನೀರಿನಲ್ಲಿ ಕದಡುವ ಅಕ್ರಿಲಿಕ್ ಸರಿ: ನೀರು ಆರಿದಂತೆ ಅದರ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಬಾಗಿಲಿಗೆ ಹಚ್ಚುವ ಎನಾಮಲ್ ಬೇಡ. ಪಿವಿಸಿಯ ಮೆದುಕಾರಕ ಮೆಲ್ಲಗೆ ಮೇಲಕ್ಕೆ ಜಿನುಗಿ ಆ ಬಣ್ಣದೊಳಗೆ ಸೇರುತ್ತದೆ, ತಿಂಗಳುಗಟ್ಟಲೆ ಕೈಗೆ ಅಂಟುತ್ತಲೇ ಇರುತ್ತದೆ. ಮಗು ಬಾಯಿಗೆ ಹಾಕುವ ಗೊಂಬೆಗೆ ಹಳೆಯ ಡಬ್ಬಿಯ ಬಣ್ಣವನ್ನಂತೂ ಮುಟ್ಟಿಸಲೇಬಾರದು. ಮನೆಬಣ್ಣದಲ್ಲಿ ಸೀಸ 10 ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಕೊಪ್ಪಳದ ಕಿನ್ನಾಳದಿಂದ ತಂದ ಕಾಮಧೇನು ಇದೆ. ಅದೂ ರೆಕ್ಕೆಯುಳ್ಳದ್ದೇ, ಹೆಣ್ಣಿನ ಮುಖದ ಹಸು. ಕಿನ್ನಾಳದ ಚಿತ್ರಗಾರರು ಹಗುರ ಮರದ ಬಿಡಿ ಭಾಗಗಳನ್ನು ಜೋಡಿಸಿ, ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೈತುಂಬ ಬಳಿಯುತ್ತಾರೆ. ಅದರ ಮೇಲೆ ಅದೇ ಅಂಟಿನಿಂದ ಅರಿವೆಯ ತುಣುಕು, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಒಡವೆಗಳು ಕೂಡ ಆ ಕಲ್ಲುಪುಡಿಯಲ್ಲೇ ಉಬ್ಬಿ ನಿಂತಿವೆ. ಹುಣಸೆಬೀಜದ ಅಂಟು ನೀರಿಗೆ ಮೆತ್ತಗಾಗುವ ವಸ್ತು. ಕುದುರೆಯ ಕೂದಲನ್ನು ಉಳಿಸುವ ಬಿಸಿನೀರು ಈ ಹಸುವಿನ ಮೇಲೆ ಬಿದ್ದರೆ ಪದರಪದರವಾಗಿ ಕಿತ್ತುಬರುತ್ತದೆ. ಅದಕ್ಕೆ ಒಣ ಕುಂಚದ ಸೇವೆ ಸಾಕು. ಬಣ್ಣ ಎದ್ದರೆ ಕಿನ್ನಾಳದವರ ಕೈಗೇ ಕೊಡುವುದು ಲೇಸು. ಪದರಗಳ ಲೆಕ್ಕ ಗೊತ್ತಿರುವುದು ಅವರಿಗೇ.

ಕುದುರೆಯ ಅಯಾಲಿನ ಗಂಟು ಬಿಡಿಸಲು ಒಂದು ತಾಸು ಹಿಡಿಯಿತು. ನಾಲ್ಕು ಎಳೆ ಬುಡದಿಂದಲೇ ಕಿತ್ತುಬಂದವು. ಒದ್ದೆಯಾಗಿರುವಾಗಲೇ ಮೂರು ಕಾಲಿನ ಹೆರಳು ಹೆಣೆದು, ಬಿಸಿನೀರು ಹೊಯ್ದು, ಕಿಟಕಿಯ ನೆರಳಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದೇನೆ. ಕೆನ್ನೆಯ ಕಪ್ಪು ಹೋಗಿದೆ. ರೆಪ್ಪೆಯ ಗೆರೆಯನ್ನು ನಾಳೆ ಹಗಲು ಬೆಳಕಿನಲ್ಲಿ ಬರೆಯಬೇಕು, ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು.