ಚೀನೀ ಭೋಜನಗೃಹದ ಒಳಾಂಗಣ: ಅಲಂಕಾರದಿಂದ ಅಡುಗೆಯೆಡೆಗೆ



ಚೀನೀ ಹೋಟೆಲೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವ ಚಿತ್ರವೊಂದಿದೆ: ಕೆಂಪು ಕಂಬಗಳು, ಹೊನ್ನಿನ ಬಣ್ಣದ ಡ್ರ್ಯಾಗನ್ನುಗಳು, ಮಾಡಿನಿಂದ ತೂಗುವ ಕಾಗದದ ದೀಪಗಳು. ಈ ಚಿತ್ರ ನೇರವಾಗಿ ಚೀನದಿಂದ ಬಂದದ್ದೆಂದು ನಾವು ಭಾವಿಸುತ್ತೇವೆ. ಬಣ್ಣಗಳೂ ಆಕೃತಿಗಳೂ ಚೀನದವೇ ಹೌದು. ಆದರೆ ಅವನ್ನೆಲ್ಲ ಒಂದೆಡೆ ಗುಡ್ಡೆಹಾಕಿ 'ಚೀನೀತನ'ವೆಂದು ತೋರಿಸುವ ಪದ್ಧತಿಯ ಬಹುಪಾಲು ಬೆಳೆದದ್ದು ಅಮೆರಿಕದಲ್ಲಿ, ವಲಸೆ ಬಂದವರ ಸಂಕಟದ ದಿನಗಳಲ್ಲಿ. ಇಂದು ಚೀನದ ಬೇರೆ ಬೇರೆ ಸೀಮೆಗಳ ಅಡುಗೆಯನ್ನು ಬಡಿಸುವ ಹೊಸ ಭೋಜನಗೃಹಗಳು ಮತ್ತೊಂದು ದಾರಿಯನ್ನು ಹಿಡಿದಿವೆ. ಆ ದಾರಿಯ ಪರಿಚಯವೇ ಈ ಉಪನ್ಯಾಸದ ಉದ್ದೇಶ.

ಮೊದಲು ಹಳೆಯ ಚಿತ್ರದ ಹುಟ್ಟನ್ನು ನೋಡೋಣ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರವು ಭೂಕಂಪಕ್ಕೂ ಅದರ ಬೆನ್ನಿಗೇ ಎದ್ದ ಬೆಂಕಿಗೂ ತುತ್ತಾಯಿತು. ಚೀನೀಯರ ಬಡಾವಣೆ ಸುಟ್ಟು ಬೂದಿಯಾಯಿತು. ಬೆಲೆಬಾಳುವ ಆ ನೆಲದಿಂದ ಅವರನ್ನು ಎಬ್ಬಿಸಿ ನಗರದ ಅಂಚಿನ ಹಂಟರ್ಸ್ ಪಾಯಿಂಟಿಗೆ ಸಾಗಿಸಬೇಕೆಂಬ ಯೋಜನೆ ಆಗ ಎದ್ದಿತು. ಲುಕ್ ಟಿನ್ ಇಲೈ ಮೊದಲಾದ ಚೀನೀ ವರ್ತಕರು ಇದಕ್ಕೆ ಕಂಡುಕೊಂಡ ಉತ್ತರ ವಿಲಕ್ಷಣವಾದದ್ದು. ಹಿಂದೆ ಊರಿನ ಉಳಿದ ಕೇರಿಗಳಂತೆಯೇ ಸಾಮಾನ್ಯ ಇಟ್ಟಿಗೆಯ ಕಟ್ಟಡಗಳಿದ್ದ ಬಡಾವಣೆಯಲ್ಲಿ, ರಾಸ್ ಮತ್ತು ಬರ್ಗ್ರೆನ್ ಎಂಬ ಬಿಳಿಯ ವಿನ್ಯಾಸಕರಿಂದ ಪಗೋಡದ ಮಾಡುಗಳುಳ್ಳ ಕಟ್ಟಡಗಳನ್ನು ಅವರು ಕಟ್ಟಿಸಿದರು. ಪ್ರವಾಸಿಗರು ಬಂದರು, ಬಡಾವಣೆ ಉಳಿಯಿತು. ಅಲಂಕಾರವು ಇಲ್ಲಿ ನೆಲೆಯನ್ನು ಕಾಯುವ ಗುರಾಣಿಯಾಗಿತ್ತು.

ಊಟದ ಕೋಣೆಯ ಅಲಂಕಾರಕ್ಕೆ ಕಾನೂನಿನ ನಂಟೂ ಉಂಟು. 1882ರ ಕಾಯಿದೆ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತ್ತು. ಅದು ರದ್ದಾದದ್ದು 1943ರಲ್ಲಿ. ವರ್ತಕರಿಗೆ ವಿನಾಯಿತಿಯಿತ್ತು. 1915ರಲ್ಲಿ ನ್ಯಾಯಾಲಯದ ತೀರ್ಪೊಂದು ಹೋಟೆಲಿನ ಒಡೆಯರನ್ನೂ ವರ್ತಕರ ಸಾಲಿಗೆ ಸೇರಿಸಿತು. ಆದರೆ ಹೋಟೆಲು ಉನ್ನತ ದರ್ಜೆಯದಾಗಿರಬೇಕಿತ್ತು. ಆಗ ಹಲವರು ಹಣ ಕೂಡಿಸಿ ವೈಭವದ ಭೋಜನಶಾಲೆಗಳನ್ನು ತೆರೆದರು. ವೀಸಾಕ್ಕಾಗಿ ಕಾದು ಕುಳಿತ ಅನುಭವವುಳ್ಳ ನಮಗೆ, ಆ ಮಿನುಗುವ ಗೋಡೆಗಳ ಹಿಂದಿನ ಲೆಕ್ಕಾಚಾರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವೇಷವನ್ನು ಕಳಚಿಟ್ಟ ಮೊದಲಿಗರಲ್ಲಿ ಸಿಸಿಲಿಯಾ ಚಿಯಾಂಗ್ ಒಬ್ಬರು. 1961ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಮ್ಯಾಂಡರಿನ್' ಭೋಜನಗೃಹವನ್ನು ಆರಂಭಿಸಿದರು. 1968ರಲ್ಲಿ ಅದು ಗಿರಾರ್ಡೆಲ್ಲಿ ಚೌಕದ ವಿಶಾಲ ಸ್ಥಳಕ್ಕೆ ಹೋಯಿತು. ಬೀಜಿಂಗ್, ಸಿಚುವಾನ್ ಸೀಮೆಗಳ ಅಡುಗೆಯನ್ನು ಅಲ್ಲಿ ಬಡಿಸಿದ ಅವರು ಡ್ರ್ಯಾಗನ್ನು, ಕಾಗದದ ದೀಪ, ಕೆಂಪು-ಹೊನ್ನಿನ ಬಣ್ಣಗಳನ್ನು ಬೇಕೆಂದೇ ದೂರವಿಟ್ಟರು.

ಅಲಂಕಾರವನ್ನು ತೆಗೆದ ಮೇಲೆ ಕೋಣೆಯಲ್ಲಿ ಉಳಿಯುವುದೇನು? ಅಡುಗೆಯೇ ವಿನ್ಯಾಸಕ್ಕೆ ಆಧಾರವಾಗಬೇಕೆಂಬುದು ಇದಕ್ಕೆ ಉತ್ತರ. ಚೀನದ ಒಂದೊಂದು ಸೀಮೆಯ ಊಟವೂ ತನಗೆ ತಕ್ಕ ಕೋಣೆಯನ್ನು ಬಯಸುತ್ತದೆ. ಕ್ಯಾಂಟನ್ನಿನ ಡಿಮ್ ಸಮ್ ತಿಂಡಿಗಳು ಬಿದಿರಿನ ಬುಟ್ಟಿಗಳಲ್ಲಿ, ತಳ್ಳುಗಾಡಿಯ ಮೇಲೆ ಬರುವುದಾದರೆ ಮೇಜುಗಳ ನಡುವೆ ಅಗಲವಾದ ಹಾದಿ ಬೇಕು. ಸಿಚುವಾನಿನ ಕುದಿಯುವ ಸಾರಿನ ಊಟಕ್ಕೆ ಮೇಜಿನ ನಡುವೆಯೇ ಒಲೆ ಬೇಕು. ಮೆಣಸಿನ ಘಾಟು ಬಟ್ಟೆಗೆ ಹತ್ತದಂತೆ ಹಬೆಯನ್ನು ಸೆಳೆದುಕೊಳ್ಳುವ ವ್ಯವಸ್ಥೆಯೂ ಬೇಕು. ಚೆಂಗ್ಡುವಿನ ಚಹಾದಂಗಡಿಗಳ ಬಿದಿರಿನ ಕುರ್ಚಿಗಳನ್ನು ವಿನ್ಯಾಸಕರು ಮೆಚ್ಚುವುದು ಅವುಗಳ ನೋಟಕ್ಕಾಗಿ ಮಾತ್ರವಲ್ಲ. ಬಹಳ ಹೊತ್ತು ಹರಟುತ್ತ ಕೂರುವವರಿಗಾಗಿ ರೂಪುಗೊಂಡ ಆಸನಗಳವು. ಷಿಯಾನ್ ಸೀಮೆಯದು ಗೋಧಿಯ ಊಟ. ಕಣಕವನ್ನು ಎಳೆದು, ಹಲಗೆಗೆ ಬಡಿದು ಸೊಂಟಪಟ್ಟಿಯಂತಹ ನೂಡಲ್ಸ್ ಮಾಡುವ ಕೈಚಳಕವನ್ನು ಗಿರಾಕಿಗಳು ಕಾಣುವಂತಿದ್ದರೆ ಗೋಡೆಗೆ ಬೇರೆ ಚಿತ್ರದ ಹಂಗಿಲ್ಲ. ಸುಜೋ, ಹಾಂಗ್‌ಜೋ ಕಡೆಯ ಮೃದುವಾದ ಊಟಕ್ಕೆ ಆ ನಾಡಿನ ಉದ್ಯಾನಗಳ ಬಿಳಿಯ ಗೋಡೆ, ಬೂದುಬಣ್ಣದ ಹೆಂಚು, ಮರದ ಜಾಲರಿಗಳು ಸಹಜವಾಗಿ ಒಪ್ಪುತ್ತವೆ.

ಎಲ್ಲ ಸೀಮೆಗಳಿಗೂ ಸಮಾನವಾದ ಅಗತ್ಯಗಳೂ ಇವೆ. ದೊಡ್ಡ ಉರಿಯ ಮೇಲೆ ಬಾಣಲೆಯಲ್ಲಿ ಹುರಿದ ಪದಾರ್ಥದ ಪರಿಮಳವನ್ನು ಕ್ಯಾಂಟನ್ನಿನವರು 'ಬಾಣಲೆಯ ಉಸಿರು' ಎನ್ನುತ್ತಾರೆ. ಅದು ಕೆಲವೇ ನಿಮಿಷಗಳಲ್ಲಿ ಆರಿಹೋಗುವುದರಿಂದ ಒಲೆಗೂ ಮೇಜಿಗೂ ನಡುವಣ ದೂರ ಕಡಿಮೆಯಿರಬೇಕು. 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನಿ ಕ್ಯಾನ್ ತಮ್ಮ ಭೋಜನಗೃಹದ ಅಡುಗೆಮನೆಗೆ ಗಾಜಿನ ಗೋಡೆಯಿರಿಸಿ ಒಳಗಿನ ಶುಚಿತ್ವವನ್ನು ಎಲ್ಲರೂ ನೋಡುವಂತೆ ಮಾಡಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1951ರ ಯುರೋಪ್ ಪ್ರವಾಸದಿಂದ ಮರಳಿದ ಯಜ್ಞನಾರಾಯಣ ಮಯ್ಯರು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ಶುಚಿತ್ವಕ್ಕೆ ಅಗ್ರಸ್ಥಾನ ಕೊಟ್ಟು, ಗಿರಾಕಿಗಳಿಗೆ ಅಡುಗೆಮನೆಯನ್ನೇ ತೋರಿಸುವ ಪದ್ಧತಿಯನ್ನು ತಂದರು. ಎರಡೂ ಕಡೆ ಉದ್ದೇಶ ಒಂದೇ: ನೋಡುವವರ ನಂಬಿಕೆಯನ್ನು ಗಳಿಸುವುದು.

ಎರಡನೆಯದು ದುಂಡುಮೇಜು. ಚೀನೀ ಪದ್ಧತಿಯಲ್ಲಿ ಭಕ್ಷ್ಯಗಳು ನಡುವೆ ಇರುತ್ತವೆ, ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಬಾಗಿಲಿಗೆ ಎದುರಾದ ಆಸನ ಗೌರವದ್ದು. ಹತ್ತು ಜನರ ಮೇಜು ಸುಮಾರು 6 ಅಡಿ ಅಗಲವಿರುವುದರಿಂದ ಆಚೆಯ ಬಟ್ಟಲು ಕೈಗೆ ನಿಲುಕದು; ನಡುವಿನ ತಿರುಗುವ ಹಲಗೆ ಈ ತೊಡಕನ್ನು ನೀಗಿಸುತ್ತದೆ. 1910-11ರ ಮಂಚೂರಿಯಾದ ಪ್ಲೇಗನ್ನು ಎದುರಿಸಿದ ವೈದ್ಯ ವು ಲಿಯೆನ್-ತೆ ಅವರು ಎಂಜಲಿನಿಂದ ರೋಗ ಹರಡದಿರಲೆಂದು ಇಂತಹ ತಿರುಗುವ ಹಲಗೆಯನ್ನು ಪ್ರತಿಪಾದಿಸಿದ್ದರು. ಹೆಚ್ಚು ಗಿರಾಕಿಗಳನ್ನು ಹಿಡಿಸುವ ಆಸೆಯಿಂದ ಇಬ್ಬರ ಪುಟ್ಟ ಮೇಜುಗಳನ್ನೇ ತುಂಬಿದರೆ, ಗೋಡೆ ಎಷ್ಟು ಚೆಲುವಾಗಿದ್ದರೂ ಹಂಚಿ ಉಣ್ಣುವ ಕ್ರಮ ಮುರಿಯುತ್ತದೆ.

ಮೂರನೆಯದು ಶಬ್ದ. ಊಟದ ಕಳೆಯನ್ನು ಚೀನೀ ಭಾಷೆ ಹೇಳುವುದು 'ಬಿಸಿ', 'ಗದ್ದಲ' ಎಂಬೆರಡು ಪದಗಳನ್ನು ಕೂಡಿಸಿ. ಆದ್ದರಿಂದ ಬಲ್ಲ ವಿನ್ಯಾಸಕರು ಮಾಡಿನಲ್ಲಿ ಸದ್ದನ್ನು ಹೀರುವ ಹಾಸುಗಳನ್ನಿಟ್ಟು ಪ್ರತಿಧ್ವನಿಯನ್ನು ತಗ್ಗಿಸುತ್ತಾರೆಯೇ ಹೊರತು ಕೋಣೆಯನ್ನು ಮೌನಗೊಳಿಸುವುದಿಲ್ಲ.

ಹಾಗಾದರೆ ಹಳೆಯ ಅಲಂಕಾರವೆಲ್ಲ ತ್ಯಾಜ್ಯವೆ? 2016ರಲ್ಲಿ ಬ್ರ್ಯಾಂಡನ್ ಜ್ಯೂ ಅವರು ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಬಡಾವಣೆಯಲ್ಲಿ, 'ಫೋರ್ ಸೀಸ್' ಎಂಬ ಹಳೆಯ ಔತಣಶಾಲೆಯಿದ್ದ ಕಟ್ಟಡದಲ್ಲಿ, 'ಮಿಸ್ಟರ್ ಜ್ಯೂಸ್' ಎಂಬ ಭೋಜನಗೃಹವನ್ನು ತೆರೆದರು. ಒಳಾಂಗಣವನ್ನು ಹೊಸದಾಗಿ ರೂಪಿಸಿದರೂ ಹಿಂದಿನವರ ತಾವರೆಯಾಕಾರದ ದೀಪಗುಚ್ಛಗಳನ್ನು ಉಳಿಸಿಕೊಂಡರು. ಅಂತಹ ಶಾಲೆಗಳಲ್ಲಿ ಮದುವೆ, ಹುಟ್ಟುಹಬ್ಬಗಳ ಔತಣ ಉಂಡ ತಲೆಮಾರುಗಳಿಗೆ ಆ ದೀಪಗಳು ಪರರಿಗಾಗಿ ತೊಟ್ಟ ವೇಷವಾಗಿ ಉಳಿದಿಲ್ಲ. ಅವೂ ಮನೆತನದ ನೆನಪಾಗಿವೆ.

ಪರದೇಶದಲ್ಲಿ ಸಭಾಭವನ ಕಟ್ಟುವ, ಹೋಟೆಲು ತೆರೆಯುವ ನಮಗೂ ಈ ಇತಿಹಾಸದಲ್ಲಿ ಪಾಠವುಂಟು. ಗೋಡೆಗೆ ಯಕ್ಷಗಾನದ ಪಟವನ್ನೋ ಹಂಪೆಯ ರಥದ ಚಿತ್ರವನ್ನೋ ತೂಗುಹಾಕುವುದು ಸುಲಭ; ಅದು ತಪ್ಪೂ ಅಲ್ಲ. ಆದರೆ ಪಂಕ್ತಿಯಲ್ಲಿ ಕುಳಿತವರ ನಡುವೆ ಬಡಿಸುವವರು ಸಾರಿನ ಪಾತ್ರೆ ಹಿಡಿದು ಎರಡನೆಯ ಬಾರಿ ಸುತ್ತಿ ಬರಲು ಹಾದಿ ಎಷ್ಟು ಅಗಲವಿರಬೇಕು, ಕೈತೊಳೆಯುವ ಜಾಗ ಎಲ್ಲಿರಬೇಕು, ಹಿರಿಯರು ಎಲ್ಲಿ ಕೂರಬೇಕು ಎಂಬುದನ್ನು ಮೊದಲು ಯೋಚಿಸಿದರೆ, ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದ ಊಟವನ್ನು ನೋಡಿ ಮಾತ್ರವಲ್ಲ, ಕುಳಿತು ಉಂಡು ಅರಿಯುತ್ತಾರೆ.