ಭದ್ರೆಯ ಮಾಲಿನ್ಯ: ಕಾರ್ಖಾನೆಯಿಂದ ಮನೆಯವರೆಗೆ

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ಭದ್ರಾ ನದಿ ಲಕ್ಕವಳ್ಳಿಯ ಅಣೆಕಟ್ಟೆ ದಾಟಿ ಭದ್ರಾವತಿಯನ್ನು ಹಾಯ್ದು, ಹೊಳೆಹೊನ್ನೂರಿನ ಮಾರ್ಗವಾಗಿ ಸಾಗಿ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17. ಭದ್ರಾವತಿ–ಹೊಳೆಹೊನ್ನೂರು ನಡುವಿನ ಭದ್ರೆ, ಶಿವಮೊಗ್ಗ–ಕೂಡ್ಲಿ ನಡುವಿನ ತುಂಗೆ ಎರಡೂ ಆ ಪಟ್ಟಿಯಲ್ಲಿವೆ.

ಭದ್ರಾವತಿ ಕಾರ್ಖಾನೆಗಳ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದವು. ನ್ಯೂ ಟೌನ್, ಪೇಪರ್ ಟೌನ್‌ಗಳು ಅವುಗಳ ಜೊತೆಗೇ ಬೆಳೆದವು. ಹೊಳೆ ಕೆಟ್ಟಿತೆಂದರೆ ಮೊದಲು ನೆನಪಾಗುವುದು ಕಾರ್ಖಾನೆಯ ತ್ಯಾಜ್ಯ. ಆದರೆ ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೇ ನಿಂತಿತ್ತು. ಅನಂತರ ಬಂದ 2018ರ ಪಟ್ಟಿಯಲ್ಲೂ ಭದ್ರೆಯ ಹೆಸರು ಇರುವುದರಿಂದ, ಮನೆಗಳ ಕಡೆಗೂ ನೋಡಬೇಕಾಗಿದೆ.

ಬಚ್ಚಲು, ಅಡುಗೆಮನೆ, ಶೌಚಾಲಯದ ನೀರು ಶುದ್ಧೀಕರಣವಾಗದೆ ಚರಂಡಿ ಹಿಡಿದು ಹೊಳೆಗೆ ಇಳಿದರೆ, ಅದರಲ್ಲಿನ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನತೊಡಗುತ್ತವೆ. ಈ ಕೆಲಸಕ್ಕೆ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಬಳಸುತ್ತವೆ. ಈ ಬಳಕೆಯ ಅಳತೆಯೇ ಬಿಒಡಿ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ನೀರು ಸ್ನಾನಕ್ಕೂ ಯೋಗ್ಯವಲ್ಲ. ಆಮ್ಲಜನಕ ತೀರಾ ಕಡಿಮೆಯಾದರೆ ಮೀನುಗಳು ಸಾಯುತ್ತವೆ. ಮಾರ್ಜಕದ ರಂಜಕ ಪಾಚಿಯನ್ನು ಬೆಳೆಸುತ್ತದೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಇದೆಲ್ಲ ಇನ್ನೂ ಹೆಚ್ಚುತ್ತದೆ.

ಜನರನ್ನು ಎಚ್ಚರಿಸಲು 2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದ ಪಾದಯಾತ್ರೆ ಶೃಂಗೇರಿಯಿಂದ ಹೊರಟಿತು. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿತೀರದ 500 ಮೀಟರ್ ವ್ಯಾಪ್ತಿಯಲ್ಲಿ ಸೋಪು, ಶಾಂಪೂ ಮಾರಾಟ ತಡೆಯಲು ಸೂಚಿಸಿದರು. ಮಿಂದವರು ಬಟ್ಟೆಯನ್ನು ನದಿಗೆ ಬಿಡುವುದನ್ನೂ ತಡೆಯಬೇಕೆಂದರು.

ಊರಿನವರ ಪಾಲಿನ ಕೆಲಸ ಸ್ಪಷ್ಟ. ಒಳಚರಂಡಿ ಇರುವ ಬೀದಿಯಲ್ಲಿ ಪ್ರತಿ ಮನೆಯೂ ಸಂಪರ್ಕ ಪಡೆಯಬೇಕು. ಮಳೆನೀರಿನ ಚರಂಡಿಗೆ ಶೌಚದ ಪೈಪು ಸೇರಿಸಬಾರದು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಗಣಪತಿ ಮಣ್ಣಿನದಾಗಿರಬೇಕು, ಪೂಜೆಯ ಹೂವು ಗೊಬ್ಬರವಾಗಬೇಕು, ಪ್ಲಾಸ್ಟಿಕ್ ಕಸದ ಗಾಡಿಗೆ ಹೋಗಬೇಕು.

ಉಳಿದದ್ದು ಸ್ಥಳೀಯ ಆಡಳಿತದ ಹೊಣೆ: ಮಲಿನ ನೀರಿನ ಪೂರ್ಣ ಶುದ್ಧೀಕರಣ ಮತ್ತು ಘಟಕಗಳ ನಿರಂತರ ನಿರ್ವಹಣೆ. ನೀರಿನ ಪರೀಕ್ಷೆಯ ಫಲಿತಾಂಶ ವಾರ್ಡಿನ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟವಾದರೆ, ಕೆಲಸ ಎಲ್ಲಿ ನಿಂತಿದೆಯೆಂದು ಕೇಳುವ ಶಕ್ತಿ ಅವರಿಗೆ ಬರುತ್ತದೆ.