ಕೀಮೋ ಕೊಡುವ ಸಿಸ್ಟರ್ ಏನು ಓದಿದ್ದಾರೆ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನೀವು ಮೊದಲು ವಿಚಾರಿಸುವುದು ಡಾಕ್ಟರರ ಬಗ್ಗೆ. ಯಾರು ಒಳ್ಳೆಯವರು, ಮಂಗಳೂರಿನಲ್ಲೇ ಆಗುತ್ತದೆಯೇ, ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗಬೇಕೇ, ಮುಂಬೈಯ ಟಾಟಾ ಆಸ್ಪತ್ರೆಯೇ ಒಳ್ಳೆಯದೇ ಎಂದು ಬಂಧುಗಳೆಲ್ಲ ಸೇರಿ ಚರ್ಚಿಸುತ್ತೀರಿ. ಅದು ಸರಿಯೇ. ಆದರೆ ಚಿಕಿತ್ಸೆ ಆರಂಭವಾದ ಮೇಲೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಡಾಕ್ಟರ್ ನಿಮ್ಮ ತಾಯಿಯ ಬಳಿ ನಿಂತು ಮಾತಾಡುವುದು ಹತ್ತು ನಿಮಿಷ. ಕೀಮೋ ಹನಿಹನಿಯಾಗಿ ಇಳಿಯುವ ಅಷ್ಟು ಗಂಟೆಯೂ ಅವರನ್ನು ನೋಡಿಕೊಳ್ಳುವುದು ನರ್ಸ್. ನರ ಹುಡುಕಿ ಸೂಜಿ ಹಾಕುವವರು ಅವರು, ಔಷಧಿಯ ಚೀಲ ಬದಲಿಸುವವರು ಅವರು, ಮನೆಗೆ ಹೊರಡುವಾಗ ಏನು ತಿನ್ನಬೇಕು, ಏನಾದರೆ ಓಡಿ ಬರಬೇಕು ಎಂದು ಹೇಳುವವರೂ ಅವರೇ. ಆ ಸಿಸ್ಟರ್ ಕ್ಯಾನ್ಸರ್ ಬಗ್ಗೆ ಎಷ್ಟು ಓದಿದ್ದಾರೆ ಎಂದು ಕೇಳಿದವರು ನಮ್ಮಲ್ಲಿ ಬಹಳ ಕಡಿಮೆ.

ಕೇಳಬೇಕಾದ ಪ್ರಶ್ನೆಯೇ ಇದು. ಜಿಎನ್‌ಎಂ ಆಗಲಿ, ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಆಗಲಿ, ಅದು ಎಲ್ಲ ರೋಗಗಳಿಗೂ ಸೇರಿದ ಸಾಮಾನ್ಯ ಶಿಕ್ಷಣ. ಹೆರಿಗೆ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿಯುವ ವಿದ್ಯಾರ್ಥಿನಿಗೆ ಕ್ಯಾನ್ಸರ್ ಸಿಗುವುದು ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಎಂಬ ದೊಡ್ಡ ವಿಷಯದ ಒಂದು ಘಟಕವಾಗಿ. ಪಾಸಾಗಿ ಕೆಲಸಕ್ಕೆ ಸೇರಿದವರನ್ನು ಕ್ಯಾನ್ಸರ್ ವಾರ್ಡಿಗೆ ಹಾಕಿದರೆ ಉಳಿದದ್ದನ್ನು ಹಿರಿಯರಿಂದ ನೋಡಿ ಕಲಿಯಬೇಕು. ಹಾಗೆ ಕಲಿತು ಬಹಳ ಚೆನ್ನಾಗಿ ಕೆಲಸ ಮಾಡುವ ನರ್ಸ್‌ಗಳು ನಮ್ಮಲ್ಲಿದ್ದಾರೆ. ಆದರೆ ಕೀಮೋ ಔಷಧಿಗಳಲ್ಲಿ ನೋಡಿ ಕಲಿಯುವಾಗ ಆಗುವ ತಪ್ಪಿನ ಬೆಲೆಯನ್ನು ರೋಗಿಯೇ ಕೊಡಬೇಕಾಗುತ್ತದೆ.

ಅದಕ್ಕಾಗಿಯೇ ಭಾರತೀಯ ನರ್ಸಿಂಗ್ ಕೌನ್ಸಿಲ್ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇನ್ ಆಂಕಾಲಜಿ ನರ್ಸಿಂಗ್ ಎಂಬ ಕೋರ್ಸನ್ನು ರೂಪಿಸಿದೆ. ನೋಂದಾಯಿತ ನರ್ಸ್ ಆಗಿದ್ದು, ಸ್ವಲ್ಪ ಕಾಲ ಕೆಲಸ ಮಾಡಿದ ಅನುಭವ ಇರುವವರು ಇದಕ್ಕೆ ಸೇರಬಹುದು. ತರಗತಿಯ ಪಾಠ ಕಡಿಮೆ, ಬಹುಪಾಲು ಕಲಿಕೆ ವಾರ್ಡಿನಲ್ಲೇ. 1941ರಲ್ಲಿ ಆರಂಭವಾದ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ಕೋರ್ಸ್ ಇದೆ. ಬಿಎಸ್‌ಸಿ ಮುಗಿಸಿದವರು ಇನ್ನೂ ಮುಂದೆ ಹೋಗಬೇಕೆಂದರೆ ಎರಡು ವರ್ಷದ ಎಂಎಸ್‌ಸಿ ನರ್ಸಿಂಗ್‌ನಲ್ಲಿ ಮೆಡಿಕಲ್-ಸರ್ಜಿಕಲ್ ವಿಭಾಗ ಆರಿಸಿಕೊಂಡು, ಅದರೊಳಗೆ ಕ್ಯಾನ್ಸರ್ ಆರೈಕೆಯನ್ನು ವಿಶೇಷ ವಿಷಯವಾಗಿ ಓದಬಹುದು.

ಆ ಒಂದು ವರ್ಷದಲ್ಲಿ ಅವರು ಕಲಿಯುವುದಾದರೂ ಏನು?

ಡಾಕ್ಸೋರುಬಿಸಿನ್ ಎಂಬ ಔಷಧಿಯನ್ನೇ ನೋಡಿ. ಕೆಂಪು ಬಣ್ಣದ್ದು, ಸ್ತನ ಕ್ಯಾನ್ಸರಿಗೂ ಇನ್ನು ಕೆಲವು ಕ್ಯಾನ್ಸರುಗಳಿಗೂ ಕೊಡುತ್ತಾರೆ. ರಕ್ತನಾಳದೊಳಗೆ ಹೋದರೆ ಅದು ಔಷಧಿ. ನಾಳದಿಂದ ಸೋರಿ ಚರ್ಮದ ಅಡಿಗೆ ಹೋದರೆ ಅಲ್ಲಿನ ಮಾಂಸವನ್ನು ಸುಟ್ಟಂತೆ ಮಾಡಿ, ವಾರಗಳು ಕಳೆದರೂ ಮಾಯದ ಹುಣ್ಣಾಗಬಹುದು. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. "ಸಿಸ್ಟರ್, ಕೈ ಉರಿಯುತ್ತಿದೆ" ಎಂದು ರೋಗಿ ಹೇಳಿದ ಕ್ಷಣದಲ್ಲಿ ತರಬೇತಿ ಇಲ್ಲದವರಿಗೆ ಮೊದಲು ಹೊಳೆಯುವುದು ಸೂಜಿ ಕಿತ್ತು ಹಾಕುವುದು. ತರಬೇತಾದ ನರ್ಸ್ ಹಾಗೆ ಮಾಡುವುದಿಲ್ಲ. ಮೊದಲು ಹನಿ ನಿಲ್ಲಿಸುತ್ತಾರೆ. ಸೂಜಿಯನ್ನು ಅಲ್ಲೇ ಉಳಿಸಿ, ಅದರ ಮೂಲಕವೇ ಸಿರಿಂಜಿನಿಂದ ಸಾಧ್ಯವಾದಷ್ಟು ಔಷಧಿಯನ್ನು ವಾಪಸು ಎಳೆಯುತ್ತಾರೆ. ಆಮೇಲೆ ಸೂಜಿ ತೆಗೆದು, ಊದಿದ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು, ಡಾಕ್ಟರನ್ನು ಕರೆಯುತ್ತಾರೆ. ಈ ಔಷಧಿ ಸೋರಿದರೆ ತಣ್ಣನೆಯ ಶಾಖ ಕೊಡಬೇಕು. ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿ ಸೋರಿದರೆ ಬಿಸಿ ಶಾಖ. ಅದಲುಬದಲಾದರೆ ಹಾನಿ ಹೆಚ್ಚುತ್ತದೆ. ನೀವು ಪಕ್ಕದಲ್ಲಿ ಕುಳಿತಿದ್ದರೆ ಒಂದು ಮಾತು ನೆನಪಿರಲಿ: ಕೈ ಉರಿದರೆ, ಊದಿದರೆ "ಇರಲಿ, ಸಿಸ್ಟರ್ ಬ್ಯುಸಿ ಇದ್ದಾರೆ" ಎಂದು ಸುಮ್ಮನಿರಬೇಡಿ, ಉಜ್ಜಬೇಡಿ, ಕೂಡಲೇ ಕೂಗಿ ಕರೆಯಿರಿ.

ಈಗ ಹೇಳಿದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಬಹಳ ಬಳಕೆಯ ಔಷಧಿ. ಅದನ್ನು ನರಕ್ಕೆ ಮಾತ್ರ ಕೊಡಬೇಕು. ಅದೇ ಮಗುವಿಗೆ ಬೇರೆ ಒಂದು ಔಷಧಿಯನ್ನು ಬೆನ್ನುಹುರಿಯ ನೀರಿಗೆ ಚುಚ್ಚುವುದಿರುತ್ತದೆ. ಎರಡು ಸಿರಿಂಜುಗಳು ಒಂದೇ ಟ್ರೇಯಲ್ಲಿ ಬಂದು ಅದಲುಬದಲಾಗಿ, ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಹಾಗಾದ ರೋಗಿಗಳಲ್ಲಿ ಬದುಕುಳಿದವರು ಅಪರೂಪ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿ, ಈ ಔಷಧಿಯನ್ನು ಸಿರಿಂಜಿನಲ್ಲಿ ತರಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಎಂದು ಹೇಳಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲವಲ್ಲ. ಇಂಥ ವಿಷಯ ಗೊತ್ತಿರುವ ನರ್ಸ್ ಮಾತ್ರ ಟ್ರೇಯಲ್ಲಿ ಎರಡು ಸಿರಿಂಜು ಕಂಡಾಗ ಡಾಕ್ಟರನ್ನೇ ತಡೆದು ಕೇಳಬಲ್ಲರು.

ಪ್ರತಿ ಸಲವೂ ತೂಕ ನೋಡುತ್ತಾರೆ ಎಂದು ರೋಗಿಗಳು ಬೇಸರಪಡುವುದುಂಟು. ಕೀಮೋ ಪ್ರಮಾಣವನ್ನು ಸಾಮಾನ್ಯವಾಗಿ ಎತ್ತರ, ತೂಕ ಸೇರಿಸಿ ಲೆಕ್ಕ ಹಾಕುತ್ತಾರೆ. ಊಟ ಸೇರದೆ ಐದಾರು ಕಿಲೋ ಇಳಿದಿದ್ದರೆ ಲೆಕ್ಕ ಬದಲಾಗಬೇಕಾಗುತ್ತದೆ. ಹೆಸರು, ಔಷಧಿ, ಪ್ರಮಾಣವನ್ನು ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ತಾಳೆ ನೋಡುವುದೂ ಇದೇ ಕಾರಣಕ್ಕೆ. ಮತ್ತೆ ಮತ್ತೆ ಹೆಸರು ಕೇಳಿದರೆ ಸಿಟ್ಟಾಗಬೇಡಿ. ನಮ್ಮ ಊರುಗಳಲ್ಲಿ ಒಂದೇ ವಾರ್ಡಿನಲ್ಲಿ ಮೂವರು ಫಾತಿಮಾ ಇರುವುದು ವಿಶೇಷವೇನಲ್ಲ.

ಅತಿ ಹೆಚ್ಚು ಜೀವ ಉಳಿಸುವ ಪಾಠ ಮಾತ್ರ ಜ್ವರದ್ದು. ಕೀಮೋ ಆದ ಒಂದು ವಾರದಿಂದ ಎರಡು ವಾರದ ಒಳಗೆ ರಕ್ತದ ಬಿಳಿ ಕಣಗಳು ತೀರಾ ಇಳಿಯುತ್ತವೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. ಸೋಂಕಿನೊಂದಿಗೆ ಹೋರಾಡುವ ಶಕ್ತಿ ದೇಹಕ್ಕಿಲ್ಲದೆ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯೋಟಿಕ್ ಹೋಗಬೇಕೆಂಬುದು ನಿಯಮ. ನಮ್ಮ ಮನೆಗಳಲ್ಲಿ ಆಗುವುದೇನು? ಜ್ವರದ ಮಾತ್ರೆ ಕೊಟ್ಟು "ಬೆಳಿಗ್ಗೆ ನೋಡೋಣ" ಎನ್ನುತ್ತೇವೆ. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕನ್ನಲ್ಲ. ಕ್ಯಾನ್ಸರ್ ನರ್ಸಿಂಗ್ ಓದಿದವರು ಮೊದಲ ಕೀಮೋದ ದಿನವೇ ಮನೆಯವರನ್ನು ಕೂರಿಸಿಕೊಂಡು ಇದನ್ನು ಹೇಳುತ್ತಾರೆ, ತುರ್ತು ಕಾರ್ಡನ್ನೂ ಬರೆದುಕೊಡುತ್ತಾರೆ.

ಮನೆಯ ಸ್ವಚ್ಛತೆಯ ಪಾಠವೂ ಅವರದ್ದೇ. ಕೀಮೋ ಆದ 48 ಗಂಟೆಯವರೆಗೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶವಿರುತ್ತದೆ. ಅದನ್ನು ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಳ್ಳಬೇಕು, ಪಾಯಿಖಾನೆಗೆ ಎರಡು ಸಲ ನೀರು ಹಾಕಬೇಕು, ಮಲಿನವಾದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಗರ್ಭಿಣಿಯಾದ ಸೊಸೆ ಅಥವಾ ಮಗಳು ಈ ಕೆಲಸಕ್ಕೆ ಕೈ ಹಾಕಬಾರದು. ಹಾಸಿಗೆ ಹಿಡಿದವರನ್ನು ಶೌಚದ ನಂತರ ತೊಳೆದು ಶುಚಿಗೊಳಿಸುವವರಿಗೂ ಕೈಗವಸು ಬೇಕೇ ಬೇಕು. ಹಾಗೆಂದು ರೋಗಿಯನ್ನು ಮುಟ್ಟಬಾರದು, ಒಂದೇ ಕೋಣೆಯಲ್ಲಿ ಮಲಗಬಾರದು ಎಂದೇನಿಲ್ಲ. ಮೊಮ್ಮಕ್ಕಳು ಅಜ್ಜಿಯನ್ನು ಅಪ್ಪಿಕೊಳ್ಳಲಿ; ಅವರಿಗೆ ಶೀತ, ಜ್ವರ ಇಲ್ಲದಿದ್ದರೆ ಸಾಕು.

ನಮ್ಮ ಮನೆಗಳಿಗೆ ವಿಶೇಷವಾಗಿ ಬೇಕಾದ ಕೆಲವು ತಿಳಿವಳಿಕೆಗಳೂ ಇವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಕೆಲವು ದಿನ ತಣ್ಣೀರು ತಾಗಿದರೆ ಬೆರಳು ಜೋಮು ಹಿಡಿಯುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ. ಫಜ್ರ್‌ಗೆ ಎದ್ದು ತಣ್ಣೀರಿನಲ್ಲಿ ವುಝೂ ಮಾಡಿದ ರೋಗಿ ಹೆದರಿ ಹೋಗುವುದು ಸಹಜ. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಮುಗಿಯಿತು. ಸಿಸ್‌ಪ್ಲಾಟಿನ್ ಪಡೆಯುವವರು ಸಾಕಷ್ಟು ನೀರು ಕುಡಿಯದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ರಮಝಾನಿನಲ್ಲಿ ಚಿಕಿತ್ಸೆ ಬಿದ್ದರೆ ಉಪವಾಸದ ವಿಷಯವನ್ನು ಮುಚ್ಚಿಡದೆ ಡಾಕ್ಟರಿಗೂ ನರ್ಸಿಗೂ ಹೇಳಿ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಸೂರಃ ಅಲ್ ಬಕರಃದಲ್ಲೇ ಇದೆ. ಕಲೋಂಜಿ ಎಣ್ಣೆ, ಕಷಾಯ, ಹಕೀಮರ ಲೇಹ್ಯ ಏನನ್ನು ಕೊಡುತ್ತಿದ್ದರೂ ಅದನ್ನೂ ಹೇಳಿ, ಗಿಡಮೂಲಿಕೆಗಳಲ್ಲಿ ಕೆಲವು ಕೀಮೋ ಔಷಧಿಯ ಪರಿಣಾಮವನ್ನು ಏರುಪೇರು ಮಾಡುತ್ತವೆ. ಗದರದೆ ಇದನ್ನು ಕೇಳಿ ತಿಳಿದುಕೊಳ್ಳುವುದೂ ನರ್ಸ್ ಕಲಿತ ವಿದ್ಯೆಯೇ.

ಸ್ತನದಲ್ಲಿ ಗಂಟು ಕಂಡರೂ ನಾಚಿಕೆಯಿಂದ ತಿಂಗಳುಗಟ್ಟಲೆ ಹೇಳದೆ ಕೂರುವ ಹೆಂಗಸರು ನಮ್ಮಲ್ಲಿದ್ದಾರೆ. ಪುರುಷ ಡಾಕ್ಟರ ಮುಂದೆ ಬಾಯಿ ಬಿಡದವರು ಒಬ್ಬ ಸಿಸ್ಟರ್ ಮುಂದೆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳುತ್ತಾರೆ. ಕರುಳಿನ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಮೇಲೆ ಮಲದ ಚೀಲ ಹಾಕಿಸಿಕೊಂಡವರ ಕಥೆಯೂ ಹಾಗೆಯೇ. "ಇನ್ನು ನನ್ನ ನಮಾಝ್ ಹೋಯಿತು" ಎಂದು ಮಸೀದಿಗೆ ಹೋಗುವುದನ್ನೇ ಬಿಟ್ಟು ಮೂಲೆ ಸೇರುವವರಿದ್ದಾರೆ. ಚೀಲವನ್ನು ಸೋರದಂತೆ, ವಾಸನೆ ಬರದಂತೆ ಅಂಟಿಸುವುದು, ಸುತ್ತಲಿನ ಚರ್ಮ ಕಾಪಾಡುವುದು ಹೇಗೆಂದು ಕಲಿಸಲು ಸ್ಟೋಮಾ ತರಬೇತಿ ಪಡೆದ ನರ್ಸ್‌ಗಳಿದ್ದಾರೆ. ನಮಾಝಿನ ಮಸ್ಅಲವನ್ನು ಆಲಿಮರಲ್ಲಿ ಕೇಳಿ, ಚೀಲದ ವಿಷಯವನ್ನು ಆ ನರ್ಸ್ ಬಳಿ ಕೇಳಿ.

ನೋವಿನ ಬಗ್ಗೆ ಇಷ್ಟು ಹೇಳಲೇಬೇಕು. ಮಾರ್ಫಿನ್ ಎಂದರೆ ಚಟ ಹಿಡಿಯುತ್ತದೆ, ಅದು ಕಡೆಯ ಔಷಧಿ ಎಂಬ ಭಯ ಜನರಲ್ಲಿ ಮಾತ್ರವಲ್ಲ, ಓದಿದವರಲ್ಲೂ ಇದೆ. ಸರಿಯಾದ ಪ್ರಮಾಣದಲ್ಲಿ, ಹೊತ್ತು ಹೊತ್ತಿಗೆ ಕೊಟ್ಟರೆ ರೋಗಿ ನಿದ್ದೆ ಮಾಡುತ್ತಾರೆ, ಮನೆಯವರೊಡನೆ ನಗುತ್ತಾರೆ. ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲು ಅಡ್ಡಿಯಾಗಿದ್ದ ಕಾನೂನನ್ನು 2014ರಲ್ಲಿ ಸಡಿಲಿಸಲಾಗಿದೆ. ಕೇರಳದ ಮಲಪ್ಪುರಂ, ಕೋಝಿಕ್ಕೋಡ್ ಕಡೆ ಬಂಧುಗಳಿರುವವರಿಗೆ ಮನೆಮನೆಗೆ ಬರುವ ಪಾಲಿಯೇಟಿವ್ ನರ್ಸ್‌ಗಳನ್ನು ಕಂಡು ಗೊತ್ತಿರುತ್ತದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಅಲ್ಲೆಲ್ಲ ಕೆಲಸದ ಬೆನ್ನೆಲುಬು ನರ್ಸ್‌ಗಳೇ.

ಈಗ ನಿಮ್ಮ ಮಗಳ ವಿಷಯ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಓದಲು ಮುಂದೆ ಬರುತ್ತಿದ್ದಾರೆ. ಮುಗಿಸಿದ ಕೂಡಲೇ ಮನೆಯಲ್ಲಿ ಎರಡೇ ಮಾತು, ಮದುವೆ ಅಥವಾ ಗಲ್ಫ್. ಕೆಲಸಕ್ಕೆ ಸೇರಿ ಎರಡು ವರ್ಷವಾದವಳು "ಇನ್ನೊಂದು ವರ್ಷ ಓದುತ್ತೇನೆ" ಎಂದರೆ "ನರ್ಸ್ ಆಗಿಯಾಯಿತಲ್ಲ, ಇನ್ನೇನು ಓದುವುದು?" ಎನ್ನುತ್ತೇವೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು(ರ) ಆರೈಕೆಗೆಂದು ಮಸೀದಿಯಲ್ಲಿದ್ದ ರುಫೈದಾರ(ರ) ಡೇರೆಯಲ್ಲಿ ಇರಿಸಿದ್ದನ್ನು ನಾವು ಭಾಷಣಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆದರೆ ಮನೆಯ ಮಗಳ ಫೀಸಿನ ಮಾತು ಬಂದಾಗ ಆ ಅಭಿಮಾನ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಸೇರುವ ಮುನ್ನ ವಿಚಾರಿಸಬೇಕಾದವು ಇವೆ. ಸಂಸ್ಥೆಯ ಆ ಕೋರ್ಸಿಗೇ ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ನೋಡಿ; ಮೂರು ತಿಂಗಳ ಸರ್ಟಿಫಿಕೇಟನ್ನು ಡಿಪ್ಲೊಮಾ ಎಂದು ಮಾರುವವರೂ ಇದ್ದಾರೆ. ಕೀಮೋ ಬೆರೆಸಲು ಗಾಳಿ ಹೀರುವ ಸುರಕ್ಷಾ ಕ್ಯಾಬಿನೆಟ್, ನಿಲುವಂಗಿ, ಸರಿಯಾದ ಕೈಗವಸು ಕೊಡುತ್ತಾರೆಯೇ, ಗರ್ಭಿಣಿಯಾದಾಗ, ಮಗುವಿಗೆ ಹಾಲೂಡಿಸುವಾಗ ಆ ಕೆಲಸದಿಂದ ಬಿಡುಗಡೆ ಕೊಡುತ್ತಾರೆಯೇ ಎಂದು ಕೇಳಿ. ಓದಿ ಬಂದ ಮೇಲೆ ಸಂಬಳ ಖಂಡಿತ ಏರುತ್ತದೆ ಎಂದು ಹೇಳಲಾಗದು. ಕ್ಯಾನ್ಸರ್ ನರ್ಸಿಂಗ್ ಓದಿದವರನ್ನು ಆರು ತಿಂಗಳಲ್ಲಿ ಹೆರಿಗೆ ವಾರ್ಡಿಗೆ ವರ್ಗ ಮಾಡುವ ಆಸ್ಪತ್ರೆಗಳೂ ಇವೆ, ಅದು ಓದಿಗೂ ರೋಗಿಗೂ ಮಾಡುವ ಅನ್ಯಾಯ.

ಅಂಥ ಆಸ್ಪತ್ರೆ ಆಡಳಿತಗಳು ಬದಲಾಗಬೇಕಾದರೆ ರೋಗಿಯ ಮನೆಯವರು ಕೇಳಲು ಶುರು ಮಾಡಬೇಕು. ಮುಂದಿನ ಸಲ ಯಾರನ್ನಾದರೂ ಕೀಮೋಗೆ ಕರೆದುಕೊಂಡು ಹೋದಾಗ ಜಗಳದ ದನಿಯಲ್ಲಲ್ಲ, ವಿನಯದಿಂದಲೇ ಕೇಳಿ: ಈ ವಾರ್ಡಿನಲ್ಲಿ ಕ್ಯಾನ್ಸರ್ ತರಬೇತಿ ಪಡೆದ ಸಿಸ್ಟರ್ ಯಾರು? ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಆ ನಂಬರನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಹಾಕಿಡಿ, ವಾಪಸು ಬರುವಾಗ ಮೆಡಿಕಲ್‌ನಿಂದ ಒಂದು ಥರ್ಮಾಮೀಟರ್ ತನ್ನಿ.